ಸೂರಿಗೆ ಎಷ್ಟು ದಿನದ ದುಡಿಮೆ?

ಹರಪನಹಳ್ಳಿ, ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ. ಈ ಕಡೆ ಯಾವ ಚಹಾದಂಗಡಿಯಲ್ಲಿ ಕೂತರೂ ಈಗ ಒಂದು ಮಾತು ಕಿವಿಗೆ ಬೀಳುತ್ತದೆ. ಇಂಥವರ ಮಗನಿಗೆ ಅಮೆರಿಕದಲ್ಲಿ ಇಷ್ಟು ಪಗಾರವಂತೆ. ಇಂಥವರ ಮಗಳಿಗೆ ಜರ್ಮನಿಯಲ್ಲಿ ಅಷ್ಟಂತೆ. ಮಾತು ಮುಗಿಯುವುದರೊಳಗೆ ಯಾರಾದರೊಬ್ಬರು ಡಾಲರನ್ನು ತೊಂಬತ್ತರಿಂದ ಗುಣಿಸುತ್ತಾರೆ. ಯೂರೊ ಆದರೆ ನೂರರಿಂದ. ಬಂದ ಮೊತ್ತ ಕೇಳಿ ಎಲ್ಲರೂ ಒಂದು ಗಳಿಗೆ ಸುಮ್ಮನಾಗುತ್ತಾರೆ.

ಗುಣಿಸುವವರು ಬೇಕಾದಷ್ಟು ಮಂದಿ ಇದ್ದಾರೆ. ಕಳೆಯುವವರು ಕಡಿಮೆ. ಇವತ್ತು ನಾವು ಕಳೆಯುವ ಲೆಕ್ಕ ಮಾಡೋಣ. ಅದರಲ್ಲೂ ಮೊದಲು ಕಳೆಯಬೇಕಾದ್ದು ಮನೆ ಬಾಡಿಗೆ. ಹೊಟ್ಟೆಗೆ ಒಂದು ಹೊತ್ತು ಕಡಿಮೆ ಮಾಡಬಹುದು. ಬಟ್ಟೆ ಮುಂದಿನ ಹಬ್ಬಕ್ಕೆ ತಳ್ಳಬಹುದು. ಬಾಡಿಗೆ ತಳ್ಳಲು ಬರುವುದಿಲ್ಲ.

ಲೆಕ್ಕಕ್ಕೆ ಒಂದು ಅಳತೆ ಇಟ್ಟುಕೊಳ್ಳೋಣ. ರೂಪಾಯಿ, ಡಾಲರ್, ಯೂರೊ ಮೂರನ್ನೂ ಬದಿಗಿಡಿ. ತಿಂಗಳ ಗಳಿಕೆಯನ್ನು ಮೂವತ್ತರಿಂದ ಭಾಗಿಸಿ. ಅದು ಒಂದು ದಿನದ ದುಡಿಮೆ. ಬಾಡಿಗೆ ಕಟ್ಟಲು ಇಂಥ ಎಷ್ಟು ದಿನ ಬೇಕು? ಇದೊಂದೇ ಪ್ರಶ್ನೆ. ಹರಪನಹಳ್ಳಿಗೂ ಇದೇ, ನ್ಯೂಯಾರ್ಕಿಗೂ ಇದೇ.

ಮೊದಲು ನಮ್ಮೂರು. 2025ರಲ್ಲಿ ನಮ್ಮ ರಾಜ್ಯದಲ್ಲಿ ಉದ್ಯೋಗ ಖಾತ್ರಿಯ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಅಷ್ಟೇ ಕೂಲಿಯಲ್ಲಿ ಒಬ್ಬರಿಗೆ ತಿಂಗಳಿಗೆ ಇಪ್ಪತ್ತೈದು ದಿನ ಕೆಲಸ ಸಿಕ್ಕಿತು ಎನ್ನೋಣ. ಒಂಬತ್ತು ಸಾವಿರ ಚಿಲ್ಲರೆ ಆಯಿತು. ಪೇಟೆಯ ಒಳಗಿನ ಓಣಿಯಲ್ಲಿ ಒಂದು ಸಣ್ಣ ಮನೆ ಹಿಡಿದರು. ಬಾಡಿಗೆ ಮೂರು ಸಾವಿರ ಎಂದಿಟ್ಟುಕೊಳ್ಳಿ. ಹತ್ತು ದಿನದ ದುಡಿಮೆ ಸೂರಿಗೆ ಹೋಯಿತು. ಉಳಿದ ಇಪ್ಪತ್ತು ದಿನದ ದುಡಿಮೆಯಲ್ಲಿ ಸಂಸಾರ ನಡೆಯಬೇಕು.

ಹಳ್ಳಿಯವರು ತಕ್ಷಣ ಹೇಳುತ್ತಾರೆ, ನಮ್ಮದು ಸ್ವಂತ ಮನೆ, ನಮಗೇನು ಬಾಡಿಗೆ ಅಂತ. ಸ್ವಂತ ಮನೆ ಪುಕ್ಕಟೆ ಮನೆ ಆಗುವುದಿಲ್ಲ. ಈ ಸೀಮೆಯ ಹಳೆಯ ಮಾಳಿಗೆ ಮನೆಗಳನ್ನು ನೋಡಿದವರಿಗೆ ಅದು ಗೊತ್ತು. ಮೇಲೆ ತೊಲೆ, ತೊಲೆಯ ಮೇಲೆ ಜಂತೆ, ಅದರ ಮೇಲೆ ಮಣ್ಣು. ಮುಂಗಾರು ಬರುವ ಮೊದಲು ಮಾಳಿಗೆ ಹತ್ತಬೇಕು. ಬೆಳೆದ ಹುಲ್ಲು ಕೀಳಬೇಕು. ಹೊಸದಾಗಿ ಕರಲು ಮಣ್ಣು ಹಾಕಿ ತುಳಿಯಬೇಕು. ಒಂದು ವರ್ಷ ಬಿಟ್ಟರೆ ಸೋರುತ್ತದೆ. ಎರಡು ವರ್ಷ ಬಿಟ್ಟರೆ ಜಂತೆ ಕೊಳೆಯುತ್ತದೆ. ಆ ಗಾಡಿ ಮಣ್ಣು, ಆ ಆಳಿನ ಕೂಲಿ, ಅದೂ ಬಾಡಿಗೆಯೇ. ವರ್ಷಕ್ಕೊಮ್ಮೆ ಮನೆಗೇ ಕಟ್ಟುವ ಬಾಡಿಗೆ. ಈಗ ಆರ್‌ಸಿಸಿ ಬಂದಿದೆ. ಮಣ್ಣಿನ ಬದಲು ಸಾಲದ ಕಂತು ಬಂದಿದೆ.

ಇಲ್ಲಿಯವರೆಗೆ ಹೇಳಿದ್ದು ಇಷ್ಟು. ಅಳತೆ ದಿನದ್ದು. ನಮ್ಮೂರಲ್ಲಿ ಕೂಲಿಯವರಿಗೆ ಹತ್ತು ದಿನ. ಇನ್ನು ಬೆಂಗಳೂರಿಗೆ ಬರೋಣ.

ನಮ್ಮ ತಾಲ್ಲೂಕುಗಳಿಂದ ಬೆಂಗಳೂರಿಗೆ ರಾತ್ರಿ ಬಸ್ಸು ಹತ್ತಿದವರು ಲೆಕ್ಕವಿಲ್ಲದಷ್ಟು. ಒಬ್ಬ ಸೆಕ್ಯೂರಿಟಿ ಕೆಲಸಕ್ಕೆ ಸೇರಿದ ಎನ್ನೋಣ. ಕೈಗೆ ಹದಿನೆಂಟು ಸಾವಿರ. ಒಂದು ಕೋಣೆ, ಒಂದು ಅಡುಗೆಮನೆ. ಬಾಡಿಗೆ ಒಂಬತ್ತು ಸಾವಿರ. ಹದಿನೈದು ದಿನದ ದುಡಿಮೆ. ಇದು ಎದುರಿಗೆ ಕಾಣುವ ಲೆಕ್ಕ.

ಕಾಣದ ಲೆಕ್ಕ ಅಡ್ವಾನ್ಸಿನದು. ಬೆಂಗಳೂರಿನ ವಾಡಿಕೆ ಹತ್ತು ತಿಂಗಳ ಬಾಡಿಗೆ. ಈಗೀಗ ಆರಕ್ಕೆ, ಐದಕ್ಕೆ ಒಪ್ಪುವವರೂ ಇದ್ದಾರೆ. ಹತ್ತೇ ಹಿಡಿಯೋಣ. ತೊಂಬತ್ತು ಸಾವಿರ ಆಯಿತು. ಹದಿನೆಂಟು ಸಾವಿರ ಪಗಾರದವನ ಹತ್ತಿರ ತೊಂಬತ್ತು ಸಾವಿರ ಎಲ್ಲಿಂದ ಬರಬೇಕು? ಊರಿಂದ ಬರಬೇಕು. ಮೆಕ್ಕೆಜೋಳ ಮಾರಿದ ದುಡ್ಡು. ಇಲ್ಲದಿದ್ದರೆ ಎರಡು ರೂಪಾಯಿ ಬಡ್ಡಿಯ ಕೈಸಾಲ. ತೊಂಬತ್ತು ಸಾವಿರಕ್ಕೆ ಎರಡು ರೂಪಾಯಿಯಂತೆ ತಿಂಗಳಿಗೆ 1,800 ಬಡ್ಡಿ. ಮನೆ ಮಾಲೀಕ ಆ ದುಡ್ಡಿಗೆ ಬಿಡಿಗಾಸು ಬಡ್ಡಿ ಕೊಡುವುದಿಲ್ಲ. ಬಿಟ್ಟುಹೋಗುವಾಗ ಸುಣ್ಣಬಣ್ಣದ ಹೆಸರಲ್ಲಿ ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುತ್ತಾನೆ. ಹಾಗಾದರೆ ನಿಜವಾದ ಬಾಡಿಗೆ ಒಂಬತ್ತು ಸಾವಿರ ಅಲ್ಲ, ಹತ್ತು ಸಾವಿರದ ಎಂಟುನೂರು. ಹದಿನೈದು ದಿನ ಹೋಗಿ ಹದಿನೆಂಟು ದಿನ ಆಯಿತು.

ಇದಕ್ಕೆ ಕಾನೂನು ಇಲ್ಲವೇ ಅಂತ ನೀವು ಕೇಳಬಹುದು. ಇದೆ. ಕರ್ನಾಟಕ ಬಾಡಿಗೆ ಕಾಯ್ದೆ, 1999ರದು. ಆದರೆ ಬೆಂಗಳೂರಿನಂಥ ನಗರದಲ್ಲಿ ತಿಂಗಳ ಬಾಡಿಗೆ 3,500 ದಾಟಿದ ಮನೆಗೆ ಅದು ಅನ್ವಯಿಸುವುದಿಲ್ಲ. ಮೂರೂವರೆ ಸಾವಿರಕ್ಕೆ ಬೆಂಗಳೂರಿನಲ್ಲಿ ಮನೆ ಹುಡುಕಿಕೊಟ್ಟವರಿಗೆ ಸನ್ಮಾನ ಮಾಡಬೇಕು. ಕೇಂದ್ರ ಸರ್ಕಾರ 2021ರಲ್ಲಿ ಒಂದು ಮಾದರಿ ಕಾಯ್ದೆ ಮಾಡಿ, ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚು ಅಡ್ವಾನ್ಸ್ ಬೇಡ ಎಂದಿತು. ನಮ್ಮಲ್ಲಿ ಮಾದರಿ ಕಾಯ್ದೆ ಮಾದರಿಯಾಗಿಯೇ ಉಳಿದಿದೆ.

ಕೆಲವರಿಗೆ ಬಾಡಿಗೆಯೇ ಇರುವುದಿಲ್ಲ. ಅವರ ಲೆಕ್ಕ ಇನ್ನೊಂದು ತರಹ. ನಮ್ಮ ತಾಂಡಾಗಳಿಂದ ದೀಪಾವಳಿ ಮುಗಿಸಿಕೊಂಡು ಚಿಕ್ಕಮಗಳೂರು ಕಡೆಯ ಕಾಫಿ ತೋಟಗಳಿಗೆ ಹೋಗುವ ಕುಟುಂಬಗಳಿವೆ. ಅಲ್ಲಿ ಅವರಿಗೆ ಲೈನ್ ಮನೆ. ಒಂದೇ ಸಾಲು, ಒಂದೇ ಗೋಡೆಗೆ ಆಚೆ ಈಚೆ ಎರಡು ಸಂಸಾರ. ತೋಟದ ಮಾಲೀಕರು ಕಾರ್ಮಿಕರಿಗೆ ವಸತಿ ಕೊಡಬೇಕೆಂದು 1951ರ ಪ್ಲಾಂಟೇಶನ್ ಕಾರ್ಮಿಕರ ಕಾಯ್ದೆ ಹೇಳಿತು. ಬಾಡಿಗೆ ಇಲ್ಲ. ಆದರೆ ಮೇಸ್ತ್ರಿಯ ಜೊತೆ ಜಗಳವಾಗಿ ಕೆಲಸ ಬಿಟ್ಟರೆ ಅವತ್ತೇ ಪಾತ್ರೆ ಪಗಡ ಕಟ್ಟಬೇಕು. ಬೆಂಗಳೂರಿನ ಕಟ್ಟಡಗಳ ಪಕ್ಕದ ತಗಡಿನ ಶೆಡ್ಡೂ ಹಾಗೆಯೇ. ಕಟ್ಟಡ ಮೇಲೇಳುವವರೆಗೆ ಶೆಡ್ಡು. ಅದು ಮುಗಿದ ದಿನ ಶೆಡ್ಡೂ ಇಲ್ಲ. 2020ರ ಲಾಕ್‌ಡೌನಿನಲ್ಲಿ ಇಂಥವರು ರಸ್ತೆಗೆ ಬಿದ್ದದ್ದನ್ನು ನೀವೆಲ್ಲ ನೋಡಿದ್ದೀರಿ. ಆಮೇಲೆ ವಲಸೆ ಕಾರ್ಮಿಕರಿಗೆ ಕಡಿಮೆ ಬಾಡಿಗೆಯ ಮನೆ ಎಂದು ಕೇಂದ್ರ ಒಂದು ಯೋಜನೆ ಘೋಷಿಸಿತು. ನಮ್ಮ ತಾಂಡಾಗಳಲ್ಲಿ ಅದರ ಹೆಸರು ಹೇಳಿದವರನ್ನು ನಾನಂತೂ ಕಂಡಿಲ್ಲ.

ಈಗ ನಮ್ಮೂರಿನ ಹತ್ತು ದಿನ, ಬೆಂಗಳೂರಿನ ಹದಿನೆಂಟು ದಿನ ನೆನಪಿರಲಿ. ವಿಮಾನ ಹತ್ತೋಣ.

ಅಮೆರಿಕದವರಿಗೆ ಈ ವಿಷಯದಲ್ಲಿ ಒಂದು ನಿಯಮ ಇದೆ. ಗಳಿಕೆಯ ನೂರಕ್ಕೆ ಮೂವತ್ತಕ್ಕಿಂತ ಹೆಚ್ಚು ಮನೆಗೆ ಹೋದರೆ ಅದು ಹೊರೆ. ಇದು ಯಾರೋ ಅಜ್ಜಿ ಹೇಳಿದ ಮಾತಲ್ಲ. 1969ರಲ್ಲಿ ಅಲ್ಲಿನ ಸಂಸತ್ತು ಸರ್ಕಾರಿ ಮನೆಗಳ ಬಾಡಿಗೆಗೆ ಒಂದು ಮಿತಿ ಹಾಕಿತು. ಗಳಿಕೆಯ ಕಾಲು ಭಾಗ ಎಂದಿತು. 1981ರಲ್ಲಿ ಅದನ್ನು ಮೂವತ್ತಕ್ಕೆ ಏರಿಸಿದರು. ಅಲ್ಲಿಂದ ಅದು ಇಡೀ ದೇಶದ ಅಳತೆಗೋಲಾಯಿತು. ನಮ್ಮ ಲೆಕ್ಕದಲ್ಲಿ ಅದು ತಿಂಗಳಿಗೆ ಒಂಬತ್ತು ದಿನ. ಬಾಡಿಗೆ ಮನೆಯಲ್ಲಿರುವ ಅಮೆರಿಕನ್ನರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಕುಟುಂಬಗಳು ಈ ಗೆರೆ ದಾಟಿವೆ.

ನ್ಯೂಯಾರ್ಕಿನ ನಡುಭಾಗ ಮ್ಯಾನ್‌ಹಟನ್. ಅಲ್ಲಿ ಹೊಸದಾಗಿ ಬಾಡಿಗೆಗೆ ಹಿಡಿಯುವ ಮನೆಯ ನಡುಮಟ್ಟದ ಬಾಡಿಗೆ ಈಗ ತಿಂಗಳಿಗೆ ನಾಲ್ಕು ಸಾವಿರ ಡಾಲರ್ ದಾಟಿದೆ. 2025ರಲ್ಲಿ ಆ ನಗರದ ಕನಿಷ್ಠ ಕೂಲಿ ಗಂಟೆಗೆ ಹದಿನಾರೂವರೆ ಡಾಲರ್ ಇತ್ತು. ವಾರಕ್ಕೆ ನಲವತ್ತು ಗಂಟೆಯಂತೆ ದುಡಿದರೆ ತಿಂಗಳಿಗೆ ಎರಡು ಸಾವಿರದ ಎಂಟುನೂರು ಚಿಲ್ಲರೆ. ಹೋಟೆಲಿನಲ್ಲಿ ತಟ್ಟೆ ತೊಳೆಯುವವನು ಆ ಮನೆ ಹಿಡಿಯಬೇಕಾದರೆ ಮೂವತ್ತು ದಿನದ ತಿಂಗಳಲ್ಲಿ ನಲವತ್ತೆರಡು ದಿನ ದುಡಿಯಬೇಕು. ಹಾಗಾಗಿ ಅವನು ಅಲ್ಲಿರುವುದಿಲ್ಲ. ದೂರದಲ್ಲಿ, ನಾಲ್ಕು ಜನರ ಜೊತೆ ಇರುತ್ತಾನೆ.

ನಮ್ಮ ಹುಡುಗರು ತಟ್ಟೆ ತೊಳೆಯಲು ಹೋಗುವುದಿಲ್ಲವಲ್ಲ ಅನ್ನುತ್ತೀರಿ. ಸರಿ. ಎಂಜಿನಿಯರನ್ನೇ ನೋಡೋಣ. ವರ್ಷಕ್ಕೆ ಒಂದು ಲಕ್ಷ ಇಪ್ಪತ್ತು ಸಾವಿರ ಡಾಲರ್ ಎನ್ನೋಣ. ಚಹಾದಂಗಡಿಯ ಗುಣಾಕಾರದಲ್ಲಿ ಒಂದು ಕೋಟಿ ಎಂಟು ಲಕ್ಷ. ತೆರಿಗೆಗಳು ಕಳೆದು ತಿಂಗಳಿಗೆ ಏಳು ಸಾವಿರ ಡಾಲರ್ ಕೈಗೆ ಬಂತು ಎನ್ನೋಣ. ನಾಲ್ಕು ಸಾವಿರ ಬಾಡಿಗೆ ಅಂದರೆ ಹದಿನೇಳು ದಿನ. ಕೋಟಿ ಪಗಾರದವನೂ ಬೆಂಗಳೂರಿನ ಸೆಕ್ಯೂರಿಟಿಯವನೂ ಸೂರಿಗೆ ದುಡಿಯುವುದು ಹೆಚ್ಚುಕಡಿಮೆ ಅಷ್ಟೇ ದಿನ!

ಅದೂ ಮನೆ ಸಿಕ್ಕರೆ. ಅಲ್ಲಿನ ಮಾಲೀಕರು ಸಾಮಾನ್ಯವಾಗಿ ಕೇಳುವುದು, ತಿಂಗಳ ಬಾಡಿಗೆಯ ನಲವತ್ತರಷ್ಟು ವರ್ಷದ ಪಗಾರ ಇರಬೇಕು ಅಂತ. ನಾಲ್ಕು ಸಾವಿರದ ನಲವತ್ತರಷ್ಟು ಅಂದರೆ ಒಂದು ಲಕ್ಷ ಅರವತ್ತು ಸಾವಿರ. ನಮ್ಮ ಕೋಟಿ ಪಗಾರದ ಹುಡುಗ ಅರ್ಜಿ ಹಾಕಲೂ ಅರ್ಹನಲ್ಲ. ಅದಕ್ಕೇ ಕನ್ನಡದ ಕುಟುಂಬಗಳು ನದಿಯಾಚೆ ನ್ಯೂಜೆರ್ಸಿಯಲ್ಲಿ ಮನೆ ಮಾಡಿ ದಿನಾ ರೈಲಿನಲ್ಲಿ ಓಡಾಡುತ್ತವೆ. ಬೃಂದಾವನ ಎಂಬ ಕನ್ನಡ ಕೂಟ ಬೆಳೆದದ್ದು ಆ ನ್ಯೂಜೆರ್ಸಿಯಲ್ಲಿ.

ಇಲ್ಲಿ ಒಂದು ಮಾತು ನ್ಯಾಯವಾಗಿ ಹೇಳಬೇಕು. ದಿನಗಳು ಸಮ ಇರಬಹುದು. ಉಳಿಯುವ ದುಡ್ಡು ಸಮ ಇಲ್ಲ. ಎಂಜಿನಿಯರನಿಗೆ ಬಾಡಿಗೆ ಕಳೆದು ಮೂರು ಸಾವಿರ ಡಾಲರ್ ಉಳಿಯುತ್ತದೆ. ಸೆಕ್ಯೂರಿಟಿಯವನಿಗೆ ಏಳು ಸಾವಿರ ರೂಪಾಯಿ. ಊರಿಗೆ ದುಡ್ಡು ಕಳಿಸುವ ಮಾತು ಬಂದಾಗ ಈ ಅಂತರವೇ ದೊಡ್ಡದು. ನಾನು ಅಮೆರಿಕ ಬೇಡ ಎನ್ನುತ್ತಿಲ್ಲ.

ಅಮೆರಿಕದ್ದು ಇಷ್ಟಾಯಿತು. ಕೂಲಿಯವನಿಗೆ ನಲವತ್ತೆರಡು ದಿನ, ಎಂಜಿನಿಯರನಿಗೆ ಹದಿನೇಳು. ಈಗ ಯೂರೋಪು.

ಜರ್ಮನಿಯ ಅತಿ ದುಬಾರಿ ನಗರ ಮ್ಯೂನಿಕ್. ಹೊಸ ಬಾಡಿಗೆ ಚದರ ಮೀಟರಿಗೆ ಇಪ್ಪತ್ತು ಯೂರೊ ಮೇಲೆ. ನಮ್ಮ ಲೆಕ್ಕದ ಐದೂವರೆ ಚದರದ ಮನೆಗೆ ಸಾವಿರ ಯೂರೊ. ಅದಕ್ಕೆ ಮನೆ ಬಿಸಿ ಮಾಡುವ ಖರ್ಚು, ನೀರು, ಕಸ ಸೇರಿ ಇನ್ನೊಂದು ಇನ್ನೂರು. ಒಟ್ಟು ಸಾವಿರದ ಇನ್ನೂರು. ವರ್ಷಕ್ಕೆ ಅರವತ್ತು ಸಾವಿರ ಯೂರೊ ಪಗಾರದ ಎಂಜಿನಿಯರನಿಗೆ ತೆರಿಗೆ, ವಿಮೆ, ಪಿಂಚಣಿ ಎಲ್ಲ ಕಳೆದು ಕೈಗೆ ಬರುವುದು ತಿಂಗಳಿಗೆ ಮೂರು ಸಾವಿರದ ಆಸುಪಾಸು. ಹನ್ನೆರಡು ದಿನದ ದುಡಿಮೆ. ಪಗಾರ ಅಮೆರಿಕದ ಅರ್ಧಕ್ಕಿಂತ ತುಸು ಹೆಚ್ಚು. ಆದರೂ ಸೂರಿಗೆ ಹೋಗುವ ದಿನ ಕಡಿಮೆ. ಕನಿಷ್ಠ ಕೂಲಿಯವರಿಗೆ ಅಲ್ಲೂ ಕಷ್ಟವೇ, ಇಪ್ಪತ್ತು ದಿನಕ್ಕಿಂತ ಹೆಚ್ಚು ಹಿಡಿಯುತ್ತದೆ.

ಅಡ್ವಾನ್ಸಿನ ವಿಷಯದಲ್ಲಿ ಜರ್ಮನಿಯವರ ಕಾನೂನು ಕೇಳಿ. ಬಿಸಿಯ ಖರ್ಚು ಬಿಟ್ಟು ಮೂರು ತಿಂಗಳ ಬಾಡಿಗೆಗಿಂತ ಹೆಚ್ಚು ಕೇಳುವಂತಿಲ್ಲ. ಅದನ್ನೂ ಬಾಡಿಗೆದಾರ ಮೂರು ಕಂತಿನಲ್ಲಿ ಕೊಡಬಹುದು. ಮಾಲೀಕ ಆ ದುಡ್ಡನ್ನು ತನ್ನ ದುಡ್ಡಿನ ಜೊತೆ ಬೆರೆಸದೆ ಬೇರೆಯಾಗಿ ಬ್ಯಾಂಕಿನಲ್ಲಿಡಬೇಕು. ಬಡ್ಡಿ ಬಾಡಿಗೆದಾರನದು. ನ್ಯೂಯಾರ್ಕಿನಲ್ಲಿ 2019ರಿಂದ ಒಂದು ತಿಂಗಳಿಗಿಂತ ಹೆಚ್ಚು ಅಡ್ವಾನ್ಸ್ ಇಲ್ಲ. ಅಷ್ಟು ದುಬಾರಿ ಊರುಗಳಲ್ಲಿ ಒಂದು, ಮೂರು. ಬೆಂಗಳೂರಿನಲ್ಲಿ ಹತ್ತು. ನನಗೆ ನಾಚಿಕೆ ಆಗುವುದು ಈ ಅಂಕಿ ಓದುವಾಗ.

ಆದರೆ ಜರ್ಮನಿಯ ಮನೆಯಲ್ಲಿ ನಮ್ಮವರನ್ನು ಬೆಚ್ಚಿಬೀಳಿಸುವ ಸಂಗತಿ ಒಂದಿದೆ. ಬೀಗ ತೆಗೆದು ಒಳಗೆ ಹೋದರೆ ಅನೇಕ ಕಡೆ ಅಡುಗೆಮನೆ ಎಂಬುದು ಬರೀ ನಾಲ್ಕು ಗೋಡೆ. ಕಟ್ಟೆ ಇಲ್ಲ. ಪಾತ್ರೆ ತೊಳೆಯುವ ಸಿಂಕಿಲ್ಲ. ಗೋಡೆಯಿಂದ ಹೊರಗೆ ಚಾಚಿದ ನೀರಿನ ಪೈಪು, ಒಲೆಗೊಂದು ದಪ್ಪ ವೈರು. ಮೇಲೆ ನೋಡಿದರೆ ಬಲ್ಬಿಲ್ಲದ ಎರಡು ತಂತಿ ಜೋತಾಡುತ್ತಿರುತ್ತವೆ. ಹಿಂದೆ ಇದ್ದವರು ಕಟ್ಟೆ, ಕಪಾಟು, ಒಲೆ ಎಲ್ಲ ಬಿಚ್ಚಿಕೊಂಡು ಹೋಗಿರುತ್ತಾರೆ. ಇಲ್ಲವೇ ಅದನ್ನು ನಿಮಗೇ ಮಾರುತ್ತಾರೆ. ಮೊದಲ ತಿಂಗಳ ಲೆಕ್ಕ ಅಲ್ಲೇ ತಲೆಕೆಳಗು. ಹರಪನಹಳ್ಳಿಯಲ್ಲಿ ಬಾಡಿಗೆದಾರ ಒಲೆ ತರುತ್ತಾನೆ, ಕಟ್ಟೆಯನ್ನು ತರುವುದಿಲ್ಲ.

ಇನ್ನೊಂದು ಖರ್ಚು. ಜರ್ಮನಿಯಲ್ಲಿ ಪ್ರತಿ ಮನೆಯೂ ಸಾರ್ವಜನಿಕ ರೇಡಿಯೊ, ಟಿವಿಗೆಂದು ತಿಂಗಳಿಗೆ ಹದಿನೆಂಟು ಯೂರೊ ಚಿಲ್ಲರೆ ಕಟ್ಟಬೇಕು. ಮನೆಯಲ್ಲಿ ರೇಡಿಯೊ ಇರಲಿ, ಇಲ್ಲದಿರಲಿ. ನಮ್ಮ ಹಿರಿಯರೂ ಅಂಚೆ ಕಚೇರಿಗೆ ಹೋಗಿ ರೇಡಿಯೊ ಲೈಸೆನ್ಸ್ ಕಟ್ಟುತ್ತಿದ್ದರು.

ಮನೆ ಕೊಡುವ ಮೊದಲು ಮಾಲೀಕರು ಏನು ಕೇಳುತ್ತಾರೆ ಎಂಬುದೂ ಊರೂರಿಗೆ ಬೇರೆ. ಅಮೆರಿಕದಲ್ಲಿ ಕ್ರೆಡಿಟ್ ಸ್ಕೋರ್. ಜರ್ಮನಿಯಲ್ಲಿ ಶೂಫಾ ಎಂಬ ಸಂಸ್ಥೆಯ ಸಾಲದ ಚೀಟಿ. ಹೊಸದಾಗಿ ಹೋದವರ ಹತ್ತಿರ ಎರಡೂ ಇರುವುದಿಲ್ಲ. ಬೆಂಗಳೂರಿನಲ್ಲಿ ಸಸ್ಯಾಹಾರಿಗಳಿಗೆ ಮಾತ್ರ ಎಂಬ ಬೋರ್ಡು. ಸ್ಕೋರನ್ನು ಆರು ತಿಂಗಳು ಕಾದು ಬೆಳೆಸಿಕೊಳ್ಳಬಹುದು. ಆ ಬೋರ್ಡು ಕೇಳುವುದನ್ನು ಬೆಳೆಸಿಕೊಳ್ಳಲು ಬರುವುದಿಲ್ಲ. ಅದು ಯಾರಿಗೆ ಬರೆದ ಬೋರ್ಡು ಎಂದು ನಮ್ಮ ಕಡೆಯಿಂದ ಹೋದ ಹುಡುಗರಿಗೆ ಚೆನ್ನಾಗಿ ಗೊತ್ತು.

ಮ್ಯೂನಿಕ್ಕಿನ ಎಂಜಿನಿಯರ್ ಹನ್ನೆರಡು ದಿನ ಎಂದೆ. ಒಂಬತ್ತು ದಿನದ ಗೆರೆಯ ಹತ್ತಿರ ಕೂಲಿಯವರೂ ಇರುವ ದೊಡ್ಡ ನಗರ ಯಾವುದಾದರೂ ಇದೆಯೇ? ಇದೆ. ವಿಯೆನ್ನಾ.

ಅಲ್ಲಿ ಮೊದಲ ಮಹಾಯುದ್ಧ ಮುಗಿದಾಗ ಒಂದೊಂದು ಕೋಣೆಯಲ್ಲಿ ಹಲವು ಜನ ಇಕ್ಕಟ್ಟಿನಲ್ಲಿ ಇದ್ದರು. ಹಾಸಿಗೆಯನ್ನೇ ಪಾಳಿಯ ಮೇಲೆ ಬಾಡಿಗೆಗೆ ಕೊಡುತ್ತಿದ್ದರು. ಹಗಲು ಒಬ್ಬ, ರಾತ್ರಿ ಒಬ್ಬ. 1919ರಲ್ಲಿ ಸಮಾಜವಾದಿಗಳು ನಗರಸಭೆ ಗೆದ್ದರು. ಹಣಕಾಸು ನೋಡಿಕೊಳ್ಳುತ್ತಿದ್ದ ಹ್ಯೂಗೊ ಬ್ರೈಟ್ನರ್ 1923ರಲ್ಲಿ ಒಂದು ವಸತಿ ತೆರಿಗೆ ಹಾಕಿದರು. ಸಣ್ಣ ಮನೆಗೆ ಅಲ್ಪ, ಬಂಗಲೆಗೆ ವಿಪರೀತ. ಆ ದುಡ್ಡೂ ಸೇರಿಸಿ 1934ರೊಳಗೆ ಅರವತ್ತು ಸಾವಿರಕ್ಕೂ ಹೆಚ್ಚು ಮನೆ ಕಟ್ಟಿದರು. ಅದರಲ್ಲಿ ಕಾರ್ಲ್ ಮಾರ್ಕ್ಸ್ ಹೋಫ್ ಎಂಬುದು ಒಂದೇ ಕಟ್ಟಡ, ಉದ್ದ ಒಂದು ಕಿಲೋಮೀಟರಿಗಿಂತ ಹೆಚ್ಚು. ಸುಮಾರು ಸಾವಿರದ ನಾನೂರು ಮನೆ. ಒಳಗೇ ಬಟ್ಟೆ ಒಗೆಯುವ ಮನೆ, ಬಚ್ಚಲು, ಶಿಶುವಿಹಾರ. ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆಯಲು ಕಾಲು ಗಂಟೆ ಬೇಕು. ಜನ ಇವತ್ತಿಗೂ ಅಲ್ಲಿದ್ದಾರೆ.

ಇವತ್ತು ವಿಯೆನ್ನಾ ನಗರಸಭೆಯ ಕೈಯಲ್ಲಿ ಎರಡು ಲಕ್ಷ ಇಪ್ಪತ್ತು ಸಾವಿರದಷ್ಟು ಮನೆಗಳಿವೆ. ಲಾಭಕ್ಕೆ ಮಿತಿಯಿರುವ ಸಂಘಗಳ ಮನೆಗಳೂ ಸೇರಿದರೆ, ಊರಿನ ಅರ್ಧದಷ್ಟು ಜನ ಇಂಥ ಮನೆಗಳಲ್ಲೇ ಇದ್ದಾರೆ. ಆರೂವರೆ ಚದರದ ನಗರಸಭೆ ಮನೆಗೆ ಬಾಡಿಗೆ 500 ಯೂರೊ ಆಸುಪಾಸು. ಅಂಗಡಿಯಲ್ಲಿ ಕೆಲಸ ಮಾಡುವವಳಿಗೆ ಕೈಗೆ ಸಾವಿರದ ಆರುನೂರು ಬಂತು ಎನ್ನಿ. ಒಂಬತ್ತು ದಿನ ಚಿಲ್ಲರೆ.

ನಾವೂ ಮನೆ ಕಟ್ಟಿಕೊಟ್ಟವರೇ. ದೇವರಾಜ ಅರಸು ಕಾಲದ ಜನತಾ ಮನೆ, ಆಮೇಲಿನ ಆಶ್ರಯ ಮನೆ, ಬಸವ ವಸತಿ. ನಮ್ಮ ಊರುಗಳ ಅಂಚಿನಲ್ಲಿ ಜನತಾ ಕಾಲೊನಿ ಇಲ್ಲದ ಕಡೆ ಅಪರೂಪ. ಆದರೆ ನಾವು ಹಕ್ಕುಪತ್ರ ಕೊಟ್ಟು ಕೈ ತೊಳೆದುಕೊಂಡೆವು. ವಿಯೆನ್ನಾದವರು ಮನೆಯನ್ನು ತಮ್ಮಲ್ಲೇ ಇಟ್ಟುಕೊಂಡು ಬಾಡಿಗೆಗೆ ಕೊಟ್ಟರು. ಹಳ್ಳಿಗೆ ನಮ್ಮ ದಾರಿ ಸರಿ ಇರಬಹುದು. ಕೆಲಸಕ್ಕೆಂದು ಪೇಟೆಗೆ ಬಂದವನಿಗೆ ಊರಿನ ಹಕ್ಕುಪತ್ರದಿಂದ ಏನು ಪ್ರಯೋಜನ? ಅವನಿಗೆ ಬೇಕಾದ್ದು ಬಾಡಿಗೆ ಮನೆ. ಅದನ್ನು ಕೊಡುವ ನಗರಸಭೆ ನಮ್ಮಲ್ಲಿ ಇಲ್ಲ.

ವಿಯೆನ್ನಾದ ಬಾಗಿಲೂ ಎಲ್ಲರಿಗೂ ತೆರೆದಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ನಗರಸಭೆ ಮನೆ ಬೇಕಾದರೆ ಕನಿಷ್ಠ ಎರಡು ವರ್ಷ ಆ ಊರಲ್ಲೇ ವಾಸದ ದಾಖಲೆ ಇರಬೇಕು. ಹೊರದೇಶದವರಿಗೆ ಇನ್ನೂ ಬಿಗಿ. ನಿಮ್ಮ ಮಗಳು ನಾಳೆ ಹೋಗಿ ಇಳಿದರೆ ಖಾಸಗಿ ಮನೆಯೇ ಗತಿ.

ಬಾಡಿಗೆಯ ಹಿಂದೆಯೇ ಬರುವ ಎರಡು ಖರ್ಚುಗಳಿವೆ. ಓಡಾಟ ಮತ್ತು ಆಸ್ಪತ್ರೆ. ಬೇಗ ಹೇಳಿ ಮುಗಿಸುತ್ತೇನೆ.

ಮನೆ ಅಗ್ಗವಾದಷ್ಟೂ ಕೆಲಸ ದೂರ. ಅಮೆರಿಕದಲ್ಲಿ ನ್ಯೂಯಾರ್ಕಿನಂಥ ಕೆಲವು ಊರು ಬಿಟ್ಟರೆ ಕಾರಿಲ್ಲದೆ ನಡೆಯುವುದಿಲ್ಲ. ಒಂದು ಹೊಸ ಕಾರು ಇಟ್ಟುಕೊಳ್ಳಲು ಕಂತು, ವಿಮೆ, ಪೆಟ್ರೋಲ್ ಸೇರಿ ವರ್ಷಕ್ಕೆ ಸುಮಾರು 12 ಸಾವಿರ ಡಾಲರ್. ವಿಯೆನ್ನಾದಲ್ಲಿ 2012ರಿಂದ ಹಲವು ವರ್ಷ ಬಸ್ಸು, ಟ್ರಾಮು, ಮೆಟ್ರೊಗೆ ವರ್ಷದ ಪಾಸು 365 ಯೂರೊ ಇತ್ತು. ದಿನಕ್ಕೆ ಒಂದು ಯೂರೊ. ನಮ್ಮಲ್ಲಿ 2023ರ ಜೂನಿನಿಂದ ಹೆಂಗಸರಿಗೆ ಪುಕ್ಕಟೆ ಬಸ್ಸಿನ ಶಕ್ತಿ ಯೋಜನೆ. ಹರಪನಹಳ್ಳಿಯ ಹುಡುಗಿ ಮನೆಯಿಂದಲೇ ದಾವಣಗೆರೆಗೆ ಹೋಗಿ ಓದಿ ಬರುತ್ತಾಳೆ. ಅವಳಿಗೆ ಉಳಿದದ್ದು ಬಸ್ ಚಾರ್ಜು ಎಂದು ಎಲ್ಲರೂ ಹೇಳುತ್ತಾರೆ. ಅವಳ ಅಪ್ಪನಿಗೆ ಉಳಿದದ್ದು ದಾವಣಗೆರೆಯ ರೂಮಿನ ಬಾಡಿಗೆ.

ಆಸ್ಪತ್ರೆಯದು ಇನ್ನೂ ದೊಡ್ಡದು. ಅಮೆರಿಕದಲ್ಲಿ ಕಂಪನಿಯ ಮೂಲಕ ಬರುವ ಕುಟುಂಬ ವಿಮೆಯ ಕಂತು 2024ರಲ್ಲಿ ವರ್ಷಕ್ಕೆ ಸರಾಸರಿ 25 ಸಾವಿರ ಡಾಲರ್ ದಾಟಿತ್ತು. ಅದರಲ್ಲಿ ನೌಕರನ ಪಾಲು ಆರು ಸಾವಿರದಷ್ಟು. ಕೆಲಸ ಹೋದರೆ ವಿಮೆಯೂ ಹೋಗುತ್ತದೆ. ಕಾಫಿ ತೋಟದ ಲೈನ್ ಮನೆ ನೆನಪಾಗುತ್ತದೆ ನನಗೆ. ಜರ್ಮನಿಯಲ್ಲಿ ವಿಮೆ ಪಗಾರದಲ್ಲೇ ಮುರಿದುಹೋಗುತ್ತದೆ. ಅರ್ಧ ನೌಕರನದು, ಅರ್ಧ ಕಂಪನಿಯದು. ಕೆಲಸ ಹೋದರೂ ವಿಮೆ ಇರುತ್ತದೆ. ಒಂಟಿಯಾಗಿ, ಗಟ್ಟಿಮುಟ್ಟಾಗಿರುವ ಇಪ್ಪತ್ತೈದರ ಎಂಜಿನಿಯರನಿಗೆ ಅಮೆರಿಕವೇ ಲಾಭ. ಎರಡು ಮಕ್ಕಳಾದ ಮೇಲೆ ಲೆಕ್ಕ ಬೇರೆಯಾಗುತ್ತದೆ.

ಕೊನೆಯದಾಗಿ, ಓದಲು ಹೋಗುವವರಿಗೆ. ಜರ್ಮನಿಯ ಬಹುಪಾಲು ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕ ಇಲ್ಲ. ಅದಕ್ಕೇ ನಮ್ಮ ಕಡೆಯವರೂ ಈಗ ಅತ್ತ ಮುಖ ಮಾಡಿದ್ದಾರೆ. ಆದರೆ ವೀಸಾ ಕೊಡುವ ಮೊದಲು ಅಲ್ಲಿನ ಸರ್ಕಾರ ಒಂದು ವರ್ಷದ ಜೀವನದ ಖರ್ಚನ್ನು ಖಾತೆಯಲ್ಲಿ ಇಡಿಸುತ್ತದೆ. 2024ರ ಸೆಪ್ಟೆಂಬರಿನಿಂದ ಅದು ಸುಮಾರು 12 ಸಾವಿರ ಯೂರೊ. ನಮ್ಮ ಹನ್ನೆರಡು ಲಕ್ಷ. ತಿಂಗಳಿಗೆ ಸಾವಿರಕ್ಕೆ ಎಂಟು ಕಡಿಮೆ, 992 ಯೂರೊ, ಅಷ್ಟೇ ಬಿಡಿಸಿಕೊಳ್ಳಬಹುದು. ಸಣ್ಣ ಊರಿನಲ್ಲಿ ಅಷ್ಟು ಸಾಕು. ಮ್ಯೂನಿಕ್ಕಿನಲ್ಲಿ ಒಂದು ರೂಮಿಗೇ ಅದರ ಬಹುಪಾಲು ಹೋಗುತ್ತದೆ. ಮೊದಲ ತಿಂಗಳು ಅಡ್ವಾನ್ಸೂ ಕೊಡಬೇಕು. ಆ ಹಣ ಖಾತೆಯ 992ರಲ್ಲಿ ಹೊಂದುವುದಿಲ್ಲ. ಬೇರೆಯಾಗಿಯೇ ಒಯ್ಯಬೇಕು. ಅಲ್ಲಿನ ಕನ್ನಡ ಸಂಘಗಳಿಗೆ, ಉದಾಹರಣೆಗೆ ಫ್ರಾಂಕ್‌ಫರ್ಟ್ ಕಡೆಯ ರೈನ್ ಮೈನ್ ಕನ್ನಡ ಸಂಘಕ್ಕೆ, ಹೊರಡುವ ಮೊದಲೇ ಒಂದು ಪತ್ರ ಬರೆದರೆ ರೂಮಿನ ವಿಷಯದಲ್ಲಿ ನಾಲ್ಕು ಮಾತು ತಿಳಿಯಬಹುದು. ಬ್ಯಾಂಕಿನ ಶಿಕ್ಷಣ ಸಾಲದಲ್ಲಿ ವಸತಿಯ ಖರ್ಚು ಸೇರಿಸಲು ಅವಕಾಶ ಇರುತ್ತದೆ. ಅರ್ಜಿ ತುಂಬುವಾಗ ಆ ಕಲಮನ್ನು ಖಾಲಿ ಬಿಡಬೇಡಿ. ಯಾವ ಊರಿನ ಬಾಡಿಗೆ ಎಂದು ಹೆಸರು ಹಿಡಿದು ಬರೆಯಿರಿ, ಮ್ಯಾನೇಜರು ಕೇಳಿಯೇ ಕೇಳುತ್ತಾರೆ.